ಅಂಗಡಿಯ ಮೇಲಿನ ಮಾಳಿಗೆ

ಆಯುಧಪೂಜೆಯ ದಿನ ಪೇಟೆಬೀದಿಯಲ್ಲಿ ನಡೆದವರು ಕಂಡೇ ಇರುತ್ತಾರೆ: ತಕ್ಕಡಿಗೆ ಕುಂಕುಮ, ಗಲ್ಲಾಪೆಟ್ಟಿಗೆಗೆ ಹೂವು, ಬಾಗಿಲಿಗೆ ಬಾಳೆಯ ಕಂದು, ಹೊಸ್ತಿಲ ಮುಂದೆ ಒಡೆದ ಬೂದುಗುಂಬಳ. ಮುಂಗೋಡೆಗೆ ಬಣ್ಣವಂತೂ ಎರಡು ವಾರ ಮೊದಲೇ ಆಗಿರುತ್ತದೆ. ವ್ಯಾಪಾರಕ್ಕೆ ನೆರವಾದ ಪ್ರತಿಯೊಂದು ವಸ್ತುವಿಗೂ ಅಂದು ಮರ್ಯಾದೆ ಸಲ್ಲುತ್ತದೆ, ವರ್ಷವಿಡೀ ಬಿಸಿಲು ಮಳೆಗಳನ್ನು ಹೊತ್ತು ನಿಂತ ಮಾಳಿಗೆಯೊಂದನ್ನುಳಿದು. ಅದನ್ನು ಹತ್ತಿ ನೋಡುವವರಿಲ್ಲ. ಹತ್ತುವ ಏಣಿ ಎಲ್ಲಿದೆಯೆಂಬುದೇ ಅನೇಕ ವರ್ತಕರಿಗೆ ತಿಳಿಯದು.

ಹಳೆಯ ಅಂಗಡಿ ಕಟ್ಟಡ ಕುಸಿದರೆ ಏನಾಗುತ್ತದೆಂಬುದನ್ನು ಮೈಸೂರು ಕಂಡಿದೆ. ವೈಸರಾಯ್ ಲ್ಯಾನ್ಸ್‌ಡೌನ್ ಅವರ ಭೇಟಿಯ ನೆನಪಿಗಾಗಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಬಿದ್ದು ನಾಲ್ವರು ಪ್ರಾಣ ಕಳೆದುಕೊಂಡರು. ಹಳೆಯ ಪುಸ್ತಕಗಳನ್ನು ಹುಡುಕಿಕೊಂಡು ವಿದ್ಯಾರ್ಥಿಗಳು ಹೋಗುತ್ತಿದ್ದ ಸಾಲಂಗಡಿಗಳು ಅವು. ನಾಲ್ಕು ವರ್ಷಗಳ ಮೇಲೆ, 2016ರ ಆಗಸ್ಟ್ 28ರಂದು, ಸಮೀಪದ ದೇವರಾಜ ಮಾರುಕಟ್ಟೆಯ ಉತ್ತರಭಾಗ ಕುಸಿಯಿತು. ಆ ಸಲ ಪುಣ್ಯವಶಾತ್ ಜೀವಹಾನಿಯಾಗಲಿಲ್ಲ. ಬಳಿಕ ನಡೆದ ವಾದವಿವಾದಗಳೆಲ್ಲ ಬಹುಪಾಲು ಕೆಡಹಬೇಕೇ ಉಳಿಸಬೇಕೇ ಎಂಬುದರ ಸುತ್ತಲೇ ತಿರುಗಿದುವು. ಇಂಥ ಕಟ್ಟಡಗಳ ಮಾಳಿಗೆಯನ್ನು ಪ್ರತಿವರ್ಷ ಹತ್ತಿ ನೋಡತಕ್ಕವರು ಯಾರು ಎಂಬುದು ಅಷ್ಟು ರಂಜಕವಾದ ಪ್ರಶ್ನೆಯಲ್ಲ. ಆದ್ದರಿಂದ ಅದನ್ನು ಕೇಳುವವರು ಕಡಮೆ.

ಆ ಕಾಲದ ಅಂಗಡಿಸಾಲುಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಮದ್ರಾಸ್ ತಾರಸಿ. ತೇಗದ ತೊಲೆಗಳ ತುದಿಗಳನ್ನು ಗೋಡೆಯೊಳಗೆ ಹುದುಗಿಸಿ, ಅವುಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಸುಣ್ಣದ ಗಾರೆಯಿಂದ ಬೆಸೆಯುತ್ತಿದ್ದರು. ಮೇಲೆ ಇಟ್ಟಿಗೆಚೂರು ಸುಣ್ಣಗಳ ಹಾಸು. ಅದನ್ನು ದಿನಗಟ್ಟಲೆ ಬಡಿದು ಗಟ್ಟಿಮಾಡಬೇಕು. ಬೆಲ್ಲದ ನೀರು, ಅಳಲೆಕಾಯಿಯ ರಸಗಳನ್ನೂ ಗಾರೆಗೆ ಸೇರಿಸುವ ರೂಢಿಯಿತ್ತು. ಒಣಗಿದ್ದರೆ ನೂರು ವರ್ಷ ನಿಲ್ಲಬಲ್ಲ ಕೆಲಸ. ನೀರು ಇಳಿಯಿತೆಂದರೆ ಮೊದಲು ಕೊಳೆಯುವುದು ಗೋಡೆಯೊಳಗೆ ಅವಿತ ತೊಲೆಯ ತುದಿ. ಗಲ್ಲಾದ ಮುಂದೆ ಕುಳಿತವರಿಗೆ ಕಾಣುವುದು ತೊಲೆಯ ನಡುಭಾಗ ಮಾತ್ರ. ಅದು ಬಣ್ಣ ಬಳಿಸಿಕೊಂಡು ಗಟ್ಟಿಮುಟ್ಟಾಗಿಯೇ ಇರುತ್ತದೆ. ಸೋರಿಕೆ ನಿಲ್ಲಲೆಂದು ಮೇಲೆ ಸಿಮೆಂಟು ಮೆತ್ತಿಸುವುದು ಮತ್ತೊಂದು ಅವಿವೇಕ. ಸುಣ್ಣದ ಗಾರೆ ತೇವವನ್ನು ಹೀರಿ ಮರಳಿ ಬಿಡುತ್ತದೆ. ಸಿಮೆಂಟು ಹಾಗೆ ಬಿಡಗೊಡದು. ಒಳಸೇರಿದ ತೇವ ಮರದಲ್ಲಿಯೇ ಉಳಿಯುತ್ತದೆ.

ಕಾಂಕ್ರೀಟಿನ ಹೊಸ ಮಳಿಗೆಗಳೂ ಇದಕ್ಕೆ ಹೊರತಲ್ಲ. ಅಲ್ಲಿ ಕೊಳೆಯುವ ಮರದ ಬದಲು ತುಕ್ಕು ಹಿಡಿದು ಉಬ್ಬುವ ಕಬ್ಬಿಣದ ಸರಳು.

ಇಷ್ಟಕ್ಕೆಲ್ಲ ಮೂಲ ಎಷ್ಟೋ ಸಲ ಮಳೆನೀರಿನ ಕೊಳವೆಯ ಬಾಯಿಗೆ ಸಿಕ್ಕಿದ ಒಂದು ಪ್ಲಾಸ್ಟಿಕ್ ಚೀಲ. 10 ಅಡಿ ಅಗಲ, 20 ಅಡಿ ಉದ್ದದ ಅಂಗಡಿಯ ಮೇಲೆ ಒಂದೇ ಅಂಗುಲ ನೀರು ನಿಂತರೆ ಅದರ ಭಾರ ಸುಮಾರು 470 ಕಿಲೋಗ್ರಾಂ. ಕೆಳಗೆ ಮೂಟೆ ಹೊರುವ ಕೂಲಿಗೆ ಲೆಕ್ಕವಿಡುವ ವರ್ತಕರು ಮೇಲಿನ ಈ ಒಂಬತ್ತು ಮೂಟೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ! ಹಕ್ಕಿ ತಂದ ಬೀಜದಿಂದ ಬಿರುಕಿನಲ್ಲಿ ಹುಟ್ಟಿದ ಅರಳಿಸಸಿಯ ಮಾತೂ ಹೀಗೆಯೇ. ಬೆರಳುದ್ದವಿದ್ದಾಗ ಬೇರುಸಹಿತ ಕೀಳಬಹುದು. ಭಕ್ತಿಯಿಂದಲೋ ಸೋಮಾರಿತನದಿಂದಲೋ ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ. ಮೇಲಿನ ಎಲೆಗಳನ್ನು ಸವರಿ ಬಿಡುವುದರಿಂದ ಏನೂ ಪ್ರಯೋಜನವಿಲ್ಲ.

ಹಾಗಾದರೆ ಇದನ್ನೆಲ್ಲ ಮಾಡತಕ್ಕವರು ಯಾರು? ಹಳೆಯ ಬಾಡಿಗೆಯ ಹಣ ಗಾರೆಯ ಕೂಲಿಗೂ ಸಾಲದೆಂದು ಮಾಲೀಕರು ಕೈಕಟ್ಟಿ ಕುಳಿತಿರುತ್ತಾರೆ. ದುರಸ್ತಿಯ ಮಾತೆತ್ತಿದರೆ ಅದೇ ನೆಪವಾಗಿ ಅಂಗಡಿ ಬಿಡಬೇಕಾದೀತೆಂದು ಬಾಡಿಗೆದಾರರು ಬಾಯಿಮುಚ್ಚಿರುತ್ತಾರೆ. ಇಬ್ಬರ ಭಯವೂ ನಿರಾಧಾರವೇನಲ್ಲ. ಆದರೆ ಅವರವರ ಲೆಕ್ಕಾಚಾರ ಮುಗಿಯುವವರೆಗೆ ಮಳೆ ಕಾಯುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣ ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟವಾಗಿದೆ. ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಹಜ ಸವೆತವನ್ನುಳಿದು ಕಟ್ಟಡವನ್ನು ಪಡೆದ ಸ್ಥಿತಿಯಲ್ಲಿಯೇ ಕಾಪಾಡುವ ಹೊಣೆ ಬಾಡಿಗೆದಾರನದು. ದುರಸ್ತಿಗೆ ಮಾಲೀಕನೇ ಬದ್ಧನಾಗಿದ್ದು, ತಿಳಿವಳಿಕೆ ಕೊಟ್ಟ ಮೇಲೂ ಯುಕ್ತ ಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಆ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದುದರಿಂದ ಕರಾರುಪತ್ರಕ್ಕೆ ರುಜು ಹಾಕುವ ಮುನ್ನ ಮಾಳಿಗೆಯ ಹೊಣೆ ಯಾರದೆಂಬ ಒಂದು ಸಾಲು ಅದರಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳಿತು. ಹತ್ತು ಅಂಗಡಿಗಳಿಗೆ ಒಂದೇ ಮಾಳಿಗೆಯಿರುವಲ್ಲಿ ಎಲ್ಲರೂ ತಿಂಗಳಿಗಿಷ್ಟೆಂದು ಕೂಡಿಟ್ಟರೆ ಯಾರೊಬ್ಬರಿಗೂ ಹೊರೆಯಾಗದು.

ಮುಂಗಾರು ಜೂನ್ ತಿಂಗಳಿನಲ್ಲಿ ಬರುತ್ತದೆ. ಏಣಿ ಮೇ ತಿಂಗಳಿನಲ್ಲಿಯೇ ಹೊರಬೀಳಬೇಕು. ಅನುಭವವುಳ್ಳ ಗಾರೆಯವರು ಸುತ್ತಿಗೆಯ ಹಿಡಿಯಿಂದ ಗಾರೆಯನ್ನು ತಟ್ಟಿ ಟೊಳ್ಳು ದನಿಯಿಂದಲೇ ಕಳಚಿದ ಜಾಗವನ್ನು ಗುರುತಿಸಬಲ್ಲರು. ಗೋಡೆ ಸೇರುವ ಕಡೆಯಲ್ಲಿ ತೊಲೆಗೆ ದಬ್ಬಳ ಚುಚ್ಚಿ ನೋಡಬೇಕು. ಅದು ಸುಲಭವಾಗಿ ಇಳಿದರೆ ಆ ತೊಲೆಯ ಕೆಳಗೆ ಯಾರೂ ಕೂರದಂತೆ ಮಾಡಿ, ಅಂದೇ ಊರೆಗೋಲು ಕೊಟ್ಟು, ಎಂಜಿನಿಯರನ್ನು ಕರೆಸತಕ್ಕದ್ದು. ಮೇಲುಚಾವಣಿಯಲ್ಲಿ ತೇವದ ಕಲೆ ಕಂಡುಬಂದರೆ ಅದರ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆಯೆಳೆದು ತಾರೀಖು ಬರೆದಿಡಬೇಕು. ತಿಂಗಳೊಳಗೆ ಕಲೆ ಆ ಗೆರೆಯನ್ನು ದಾಟಿದ್ದರೆ ಮಾಲೀಕರಿಗೆ ಕಾಗದ ಬರೆದು, ಅದರ ಪ್ರತಿಯೊಂದನ್ನು ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಳ್ಳುವುದು.