ಅಣ್ಣಿಗೇರಿಯ ಕಲ್ಲು, ನವಲಗುಂದದ ನೂಲು

ನಮ್ಮಲ್ಲಿ ಕಲೆಯ ಬಗ್ಗೆ ಬರೆಯುವವರಿಗೆ ‘ಕಾಲಾತೀತ’ ಎಂಬ ಪದ ಬಹಳ ಪ್ರೀತಿಯದು. ಗುಡಿಯ ಬಗ್ಗೆ ಬರೆದರೂ ಕಾಲಾತೀತ, ಕೌದಿಯ ಬಗ್ಗೆ ಬರೆದರೂ ಕಾಲಾತೀತ. ಅದರ ಬೆನ್ನಿಗೇ ‘ಕಲ್ಲಿನಲ್ಲಿ ಅರಳಿದ ಕಾವ್ಯ’ ಬರುತ್ತದೆ. ಸಂಶೋಧನೆಗೆ ಸೇರಿ ನಾಲ್ಕು ವರ್ಷವಾಯಿತು, ಇಂಥ ವಾಕ್ಯಗಳಿರುವ ಪುಸ್ತಕಗಳನ್ನು ಎಷ್ಟು ಓದಿದೆನೋ ಲೆಕ್ಕವಿಲ್ಲ. ಅವುಗಳಲ್ಲಿ ಬಹಳಷ್ಟು ಪುಸ್ತಕಗಳು ಅದು ಯಾವ ಕಲ್ಲು ಎಂದು ಮಾತ್ರ ಹೇಳುವುದಿಲ್ಲ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಅಣ್ಣಿಗೇರಿ ಸೀಮೆಯವಳು. ಅಮೃತೇಶ್ವರ ಗುಡಿಗೆ ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಪ್ರಾಥಮಿಕ ಶಾಲೆಯಲ್ಲಿದ್ದಾಗ. ಎಪ್ಪತ್ತಾರು ಕಂಬ ಎಣಿಸಿ ಬರಲು ಹೇಳಿದರು, ಎಣಿಸಿದೆವು. ಕಟ್ಟಿದ್ದು ಯಾರು ಎಂದರೆ ಜಕಣಾಚಾರಿ ಎಂದರು, ಬರೆದುಕೊಂಡೆವು. ಅಷ್ಟಕ್ಕೆ ಪಾಠ ಮುಗಿಯಿತು. ಮುಂದೆ ಎಂ.ಎ.ಗೆ ಬಂದಾಗಲೂ ಪಾಠ ಇದಕ್ಕಿಂತ ಹೆಚ್ಚೇನೂ ಬೆಳೆದಿರಲಿಲ್ಲ. ಜಕಣಾಚಾರಿಯ ಜಾಗದಲ್ಲಿ ‘ಕಲ್ಯಾಣಿ ಚಾಲುಕ್ಯ ಶೈಲಿ’ ಎಂಬ ಮಾತು ಬಂದಿತ್ತು. ನಮ್ಮ ಕಡೆಯ ಗುಡಿಗಳನ್ನೆಲ್ಲ ಜಕಣಾಚಾರಿಯೇ ಕಟ್ಟಿದ್ದಾದರೆ ಆತ ಕನಿಷ್ಠ ಇನ್ನೂರು ವರ್ಷ ಉಳಿ ಹಿಡಿದಿರಬೇಕು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ. ಕೆತ್ತಿದ ಹೆಸರು ಕಣ್ಣೆದುರಿಗೇ ಇದ್ದರೂ ನಮಗೆ ಕಥೆಯ ಹೆಸರೇ ಬೇಕು.

ಅಮೃತೇಶ್ವರ ಗುಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ: ಇದು ಯಾಕೆ ಕಪ್ಪಗಿದೆ? ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಗುಡಿಗಳು ಕೆಂಪು ಛಾಯೆಯ ಮರಳುಗಲ್ಲಿನವು. ಅಣ್ಣಿಗೇರಿಯದು ಬಳಪದ ಕಲ್ಲು. ಸುಮಾರು 1050ರಲ್ಲಿ ಕಟ್ಟಿದ ಈ ಗುಡಿಯನ್ನು, ಕಲ್ಯಾಣಿ ಚಾಲುಕ್ಯರ ಕಾಲದಲ್ಲಿ ಈ ಕಲ್ಲಿಗೆ ಹೊರಳಿದ ಮೊದಲ ಗುಡಿಯೆಂದೇ ವಾಸ್ತುಶಿಲ್ಪದ ವಿದ್ವಾಂಸರು ಗುರುತಿಸುತ್ತಾರೆ. ಬಳಪ ಎಂದರೆ ಪಾಟಿಯ ಮೇಲೆ ನಾವು ಅಕ್ಷರ ತಿದ್ದಿದ ಅದೇ ಬಳಪ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಉಳಿಗೆ ಸುಲಭವಾಗಿ ಒಗ್ಗುವ, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಕಲ್ಲು. ಮರಳುಗಲ್ಲಿನ ಹಾಗೆ ಇದನ್ನು ಭಾರಿ ಬಂಡೆಗಳಲ್ಲಿ ಬಳಸಲಿಲ್ಲ, ಚಿಕ್ಕ ಚಿಕ್ಕ ತುಂಡುಗಳಲ್ಲಿ ಜೋಡಿಸಿದರು. ಮರಳುಗಲ್ಲಿನ ಕಣ ದೊಡ್ಡದು, ಸೂಕ್ಷ್ಮವಾಗಿ ಕೊರೆಯಲು ಹೋದರೆ ಅಂಚು ಉದುರುತ್ತದೆ. ಬಳಪದ ಕಲ್ಲು ಮಣಿಸರವನ್ನೂ ತಾಳುತ್ತದೆ. ಮುಂದೆ ಲಕ್ಕುಂಡಿ, ಇಟಗಿಗಳಲ್ಲಿ ನಾವು ಬಾಯಿ ತೆರೆದು ನೋಡುವ ಹೊಳಪಿನ ತಿರುಗಣಿ ಕಂಬಗಳು, ಗೋಡೆಯ ಮೇಲಿನ ಪುಟ್ಟ ಪುಟ್ಟ ಶಿಖರಗಳು, ಎಳೆ ಎಳೆಯಾದ ತೋರಣಗಳು, ಇವೆಲ್ಲ ಶಿಲ್ಪಿಯ ಭಕ್ತಿ ಏಕಾಏಕಿ ಹೆಚ್ಚಾಗಿ ಬಂದವಲ್ಲ. ಕಲ್ಲು ಬದಲಾಯಿತು, ಉಳಿಯ ಕೆಲಸ ಬದಲಾಯಿತು, ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಕಣ್ಣೂ ಬದಲಾಯಿತು. ಹೊಯ್ಸಳರು ನೆಚ್ಚಿಕೊಂಡದ್ದೂ ಇದೇ ಬಗೆಯ ಕಲ್ಲನ್ನು.

ಇದನ್ನು ತಿಳಿಯದೆ ನೋಡಿದರೆ ಏನಾಗುತ್ತದೆ? ಬೇಲೂರು ನೋಡಿ ಬಂದವರು ಅಣ್ಣಿಗೇರಿಯಲ್ಲಿ ನಿಂತು “ಅಷ್ಟು ನಾಜೂಕಿಲ್ಲ ಬಿಡ್ರಿ” ಎನ್ನುತ್ತಾರೆ. ಕಿವಿಯಾರೆ ಕೇಳಿದ್ದೇನೆ. ಇಟಗಿಯ ಮಹಾದೇವ ಗುಡಿ 1112ರದು, ಬೇಲೂರಿನ ಚೆನ್ನಕೇಶವ 1117ರದು. ಅರವತ್ತು ವರ್ಷ ಮೊದಲು, ಹೊಸ ಕಲ್ಲಿಗೆ ಮೊದಲು ಕೈಹಾಕಿದವನ ಕೆಲಸವನ್ನು ಅದರಲ್ಲೇ ಪಳಗಿದ ಮೊಮ್ಮಕ್ಕಳ ಕೆಲಸದ ಪಕ್ಕ ಇಟ್ಟು ಕಡಿಮೆ ಅಂಕ ಕೊಡುವುದು ಯಾವ ನ್ಯಾಯ? ಅಣ್ಣಿಗೇರಿಯ ಗೋಡೆಯಲ್ಲಿ ಹಳೆಯ ಮರಳುಗಲ್ಲಿನ ದಪ್ಪ ಅಭ್ಯಾಸ ಇನ್ನೂ ಪೂರ್ತಿ ಬಿಟ್ಟಿಲ್ಲ, ಹೊಸ ಕಲ್ಲಿನ ಆಸೆ ಶುರುವಾಗಿದೆ. ನನಗಂತೂ ಆ ಕಾರಣಕ್ಕೇ ಅದು ಬೇಲೂರಿಗಿಂತ ಹೆಚ್ಚು ರೋಚಕ. ಕಾಲಾತೀತ ಎಂದು ಕೈಮುಗಿದವರಿಗೆ ಇದು ಕಾಣುವುದಿಲ್ಲ. ಕಾಣಬೇಕಾದರೆ ಅದು ಯಾವ ಕಾಲದ್ದು ಎಂಬುದೇ ಮೊದಲು ಬೇಕು.

ಇಷ್ಟು ಹೇಳಿದಾಗ ವಿಭಾಗದಲ್ಲಿ ಯಾರೂ ತಕರಾರು ಮಾಡುವುದಿಲ್ಲ. ಕಲ್ಲಿಗೆ ನಮ್ಮಲ್ಲಿ ಮರ್ಯಾದೆ ಇದೆ. ತಕರಾರು ಶುರುವಾದದ್ದು ನಾನು ಅಣ್ಣಿಗೇರಿಯಿಂದ ನವಲಗುಂದದ ಬಸ್ಸು ಹತ್ತಿದಾಗ. ನವಲಗುಂದದ ಜಮಖಾನದ ಬಗ್ಗೆ ಪ್ರಬಂಧ ಓದಿದ ಒಂದು ವಿಚಾರ ಸಂಕಿರಣದಲ್ಲಿ ಹಿರಿಯರೊಬ್ಬರು ನಗುತ್ತಲೇ, “ಇದು ಕಲೆಯಲ್ಲಮ್ಮ, ಕುಶಲ ಕೆಲಸ. ನೀವು ಗೃಹವಿಜ್ಞಾನಕ್ಕೆ ಸೇರಬೇಕಿತ್ತು” ಎಂದರು. ಸಭೆಯೂ ನಕ್ಕಿತು. ಅದೇ ಸಭೆಯಲ್ಲಿ ಮೂವರು ವಾಲ್ಟರ್ ಬೆಂಜಮಿನ್ನನನ್ನು ಉದ್ಧರಿಸಿದರು. ತಂತ್ರ ಬದಲಾದರೆ ಕಲೆಯ ಸ್ವರೂಪವೇ ಬದಲಾಗುತ್ತದೆ ಎಂದು ವಾದಿಸಿದವನನ್ನು ಇಟ್ಟುಕೊಂಡು, ಮೂವತ್ತೈದು ಕಿಲೋಮೀಟರ್ ಆಚೆ ನಿಂತಿರುವ ಮಗ್ಗದ ತಂತ್ರವೇನು ಎಂದು ಒಬ್ಬರೂ ಕೇಳಲಿಲ್ಲ.

ಆ ಮಗ್ಗ ಗೋಡೆಗೆ ಒರಗಿದಂತೆ ನೆಟ್ಟಗೆ ನಿಂತಿರುತ್ತದೆ. ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು, ನೇಯುವುದು ಮನೆಯೊಳಗೇ. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದಿಂದ ಬಂದ ಕಸುಬು ಇದು ಎಂಬ ಹೇಳಿಕೆ ಇದೆ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಕಸುಬೂ ಹೋಗುತ್ತದೆಂದು ಸೊಸೆಗೆ ಕಲಿಸಿ ಮಗಳಿಗೆ ಕಲಿಸದ ರೂಢಿ ಇತ್ತು ಎಂದೂ ಹೇಳುತ್ತಾರೆ. ಹಾಸು ನೂಲು ಬಿಗಿಯಾಗಿ ನಿಂತಿರುತ್ತದೆ, ಬಣ್ಣದ ಹೊಕ್ಕು ನೂಲು ಅದನ್ನು ಪೂರಾ ಮುಚ್ಚುತ್ತದೆ. ಅಂದರೆ ಚಿತ್ರವೆಲ್ಲ ಹೊಕ್ಕಿನದೇ. ಒಂದು ಬಣ್ಣ ತನ್ನ ಗಡಿಯವರೆಗೆ ಹೋಗಿ ವಾಪಸು ಬರಬೇಕು, ಮುಂದಿನ ಬಣ್ಣ ಅಲ್ಲಿಂದ ಶುರುವಾಗಬೇಕು. ಓರೆ ಗೆರೆ ಬೇಕೆಂದರೆ ಒಂದೆರಡು ಎಳೆ ಸರಿದು, ಮತ್ತೆ ಒಂದೆರಡು ಎಳೆ ಸರಿದು, ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ನವಲಗುಂದದ ಪ್ರಸಿದ್ಧ ನವಿಲಿನ ಕುತ್ತಿಗೆ ಮೆಟ್ಟಿಲಾಗಿರುವುದು ಇದಕ್ಕೆ. ಪಗಡೆಯ ಹಾಸು ಈ ಜಮಖಾನದಲ್ಲಿ ಅಷ್ಟು ಚೆನ್ನಾಗಿ ಕೂತಿರುವುದೂ ಇದಕ್ಕೇ: ಮೊದಲೇ ಮನೆ ಮನೆಯಾಗಿರುವ ಚಿತ್ರ ಅದು, ಮಗ್ಗಕ್ಕೆ ಹೇಳಿ ಮಾಡಿಸಿದಂಥದ್ದು.

ನಾನೂ ಮೊದಲು ತಪ್ಪು ಮಾಡಿದವಳೇ. ಮೊದಲ ಟಿಪ್ಪಣಿಯಲ್ಲಿ ಜಮಖಾನದ ನವಿಲನ್ನೂ ಕಸೂತಿಯ ನವಿಲನ್ನೂ ಪಕ್ಕಪಕ್ಕ ಇಟ್ಟು, ‘ಧಾರವಾಡ ಸೀಮೆಯ ಜ್ಯಾಮಿತೀಯ ಸೌಂದರ್ಯಪ್ರಜ್ಞೆ’ ಎಂದು ದೊಡ್ಡದಾಗಿ ಬರೆದಿದ್ದೆ. ಅದನ್ನು ಒಬ್ಬ ನೇಕಾರಳಿಗೆ ಸರಳವಾಗಿ ಹೇಳಿದೆ. ನಮ್ಮ ಆಯಿಯ ವಯಸ್ಸಿನಾಕೆ, ಕೈ ನಿಲ್ಲಿಸದೆ ಅಂದರು: “ಯವ್ವಾ, ನಮಗ ದುಂಡನ ಕುತ್ತಿಗಿ ಬ್ಯಾಡ ಅಂತಿಲ್ಲ. ನೂಲು ಹಂಗ ಹೊಳ್ಳೂದಿಲ್ಲ. ಸೂಜಿ ಮಾತ ಬ್ಯಾರೆ, ಮಗ್ಗದ ಮಾತ ಬ್ಯಾರೆ.” ನಿಜ. ಕಸೂತಿಯ ಮುರಗಿಯೂ ಮೆಟ್ಟಿಲಿನಂತೆಯೇ ಸಾಗುತ್ತದೆ, ಆದರೆ ಅಲ್ಲಿ ಮೊದಲೇ ನೇಯ್ದ ಬಟ್ಟೆಯ ಎಳೆ ಎಣಿಸಿ ಸೂಜಿ ಹೋಗುತ್ತದೆ. ಮನಸ್ಸು ಮಾಡಿದರೆ ಸೂಜಿ ಎಣಿಕೆ ಬಿಟ್ಟು ಸುತ್ತಬಹುದು. ಸುತ್ತದಿರುವುದು ಅದರ ಶಿಸ್ತು. ಮಗ್ಗಕ್ಕೆ ಆ ಸ್ವಾತಂತ್ರ್ಯವೇ ಇಲ್ಲ. ಎರಡು ನವಿಲು ಒಂದೇ ಥರ ಕಂಡರೂ ಹುಟ್ಟಿದ ಕಾರಣ ಬೇರೆ. ನನ್ನ ‘ಸೌಂದರ್ಯಪ್ರಜ್ಞೆ’ಯ ಪುಟವನ್ನು ಅವತ್ತೇ ಹರಿದೆ.

ಬಣ್ಣದ್ದೂ ಇಂಥದ್ದೇ ಮಾತು. ಕೃತಕ ಅಲಿಜರಿನ್ ಜರ್ಮನಿಯಲ್ಲಿ ತಯಾರಾದದ್ದು 1868ರಲ್ಲಿ. ಅದಕ್ಕೂ ಮೊದಲು ನೂಲಿಗೆ ಕೆಂಪು ಬರುತ್ತಿದ್ದದ್ದು ಮಂಜಿಷ್ಠದಂಥ ಬೇರುಗಳಿಂದ, ಅಥವಾ ಅರಗಿನಿಂದ. ಹಳೆಯ ಜಮಖಾನವೊಂದರ ಕೆಂಪು ಯಾವುದರದು ಎಂದು ಪರೀಕ್ಷಿಸಿದರೆ ಅದರ ವಯಸ್ಸಿನ ಬಗ್ಗೆ ಒಂದು ಸುಳಿವು ಸಿಗುತ್ತದೆ. ನಾವು ಮಾಡುವುದೇನೆಂದರೆ ‘ಪಾರಂಪರಿಕ ಕೆಂಪು’ ಎಂದು ಬರೆದು ಮುಂದೆ ಹೋಗುವುದು. ಕಲಘಟಗಿಯ ಬಣ್ಣದ ತೊಟ್ಟಿಲಿನ ಮುಂದೆಯೂ ಇದೇ. ಅದರ ಮೇಲೆ ಯಾವ ಪುರಾಣ ಬರೆದಿದ್ದಾರೆ ಎಂದು ಕೇಳುತ್ತೇವೆ, ಅರಗಿನ ಬಣ್ಣವೇ ಯಾಕೆ ಎಂದು ಕೇಳುವುದಿಲ್ಲ. ಬಾಣಂತಿ ಕೋಣೆಯ ಹೊಗೆ, ಎರೆಯುವ ಎಣ್ಣೆ, ಕೂಸಿನ ಉಚ್ಚೆ. ಬರೀ ನೀರಿನ ಬಣ್ಣ ಎಷ್ಟು ದಿನ ಉಳಿದೀತು?

ಇದೆಲ್ಲ ಬರೀ ವಸ್ತುವಾದ, ಹೀಗಾದರೆ ಕಲಾವಿದನ ಪ್ರತಿಭೆ ಎಲ್ಲಿಗೆ ಹೋಯಿತು ಎಂಬ ಆಕ್ಷೇಪ ಬರುತ್ತದೆ, ಬಂದಿದೆ ಕೂಡ. ಒಂದೇ ಮಗ್ಗ, ಒಂದೇ ನೂಲು, ಇಬ್ಬರು ನೇಯ್ದರೆ ಒಬ್ಬರ ನವಿಲು ಕುಣಿಯುತ್ತದೆ, ಇನ್ನೊಬ್ಬರದು ಕೋಳಿಯಾಗುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಗ್ಗ ಏನನ್ನು ಬಿಡುವುದಿಲ್ಲ ಎಂದು ಗೊತ್ತಿಲ್ಲದವರಿಗೆ ನೇಯ್ದಾಕೆ ಎಲ್ಲಿ ಗೆದ್ದಳು ಎಂದು ಗೊತ್ತಾಗುವುದು ಹೇಗೆ? ಎರಡು ಎಳೆಗೊಂದು ಮೆಟ್ಟಿಲು ಇಡಬೇಕೋ ನಾಲ್ಕು ಎಳೆಗೋ ಎಂಬ ತೀರ್ಮಾನದಲ್ಲಿ ನವಿಲಿನ ಸೊಕ್ಕು ಇದೆ. ಅದು ಅವಳ ತೀರ್ಮಾನ.

ಈ ಅಜ್ಞಾನಕ್ಕೆ ಬೆಲೆ ಕಟ್ಟುವವರು ನಾವಲ್ಲ. ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಆದರೆ ನೇಯುವ ಕೈಗಳು ಕಡಿಮೆಯಾಗುತ್ತಲೇ ಇವೆ. ನವಿಲನ್ನು ಬರೀ ‘ವಿನ್ಯಾಸ’ ಎಂದು ನೋಡುವವನಿಗೆ ಅದನ್ನು ಅಚ್ಚು ಹೊಡೆದ ಚಾದರವೂ ಜಮಖಾನವೂ ಒಂದೇ. ಅಚ್ಚಿಗೆ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ, ಆದರೂ ಮೆಟ್ಟಿಲನ್ನು ನಕಲು ಮಾಡಿರುತ್ತಾರೆ. ಕೊಳ್ಳುವವರು ಬೆಲೆ ಹೋಲಿಸಿ ಅಚ್ಚಿನದನ್ನೇ ಒಯ್ಯುತ್ತಾರೆ. ಅವರನ್ನು ಬೈದು ಏನು ಉಪಯೋಗ? ವ್ಯತ್ಯಾಸ ಹೇಳಬೇಕಾಗಿದ್ದ ನಾವು ಕಾಲಾತೀತ ಎಂದು ಬರೆಯುತ್ತ ಕೂತಿದ್ದೆವು.

ಹೋದ ವರ್ಷ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಹೊಸ ಜಮಖಾನವೊಂದನ್ನು ಗೋಡೆಗೆ ಚಂದಾಗಿ ತೂಗುಹಾಕಿದ್ದರು. ಕೆಳಗಿನ ಚೀಟಿಯಲ್ಲಿ ‘ನವಲಗುಂದ ಜಮಖಾನ. ಸಾಂಪ್ರದಾಯಿಕ. ಕಲಾವಿದರು: ಅಜ್ಞಾತ’ ಎಂದಿತ್ತು. ಮೆಟ್ಟಿಲು ನೋಡಿದ ಕೂಡಲೇ ಕೈ ಯಾರದೆಂದು ಅನುಮಾನ ಬಂತು. ಹೊರಗೆ ಬಂದು ಅದೇ ನೇಕಾರಳಿಗೆ ಫೋನ್ ಮಾಡಿದೆ. ಅವರದೇ, ದೀಪಾವಳಿಗೆ ಮೊದಲು ಕೊಟ್ಟದ್ದು. ಚೀಟಿಯಲ್ಲಿ ಬರೆದದ್ದನ್ನು ಓದಿ ಹೇಳಿದೆ.

“ಅಜ್ಞಾತ ಅಂದ್ರ ಏನಬೇ?”

“ಯಾರು ಮಾಡ್ಯಾರಂತ ಗೊತ್ತಿಲ್ಲ ಅಂತ.”

“ರೊಕ್ಕ ಕೊಡೂ ಮುಂದ ಸಹಿ ಮಾಡಿಸ್ಕೊಂಡಿದ್ರಲ್ಲ,” ಎಂದರು.

ಆಯೋಜಕರಿಗೆ ಪತ್ರ ಬರೆದೆ. ನೇಯ್ದವರ ಹೆಸರು ಅವರ ಒಪ್ಪಿಗೆ ಪಡೆದು ಹಾಕಿ, ಇಸವಿ ಹಾಕಿ, ಹತ್ತಿಯ ನೂಲು, ನಿಂತ ಮಗ್ಗ ಎಂದು ಬರೆಯಿರಿ, ‘ಸಾಂಪ್ರದಾಯಿಕ’ ಎಂಬುದನ್ನು ತೆಗೆದರೂ ನಡೆಯುತ್ತದೆ ಎಂದು. ಉತ್ತರ ಬಂದಿಲ್ಲ. ಎರಡನೆಯ ಪತ್ರವನ್ನು ಈ ವಾರ ಕಳಿಸುತ್ತಿದ್ದೇನೆ.