ಟಿಕೆಟ್ಟಿನಲ್ಲಿ ಕಾಣದ ಹದಿನಾರು ಗಂಟೆ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ತಾಯಿ ವಿಮಾನ ಹತ್ತುವುದು ನಮ್ಮಲ್ಲಿ ಈಗ ಸಾಮಾನ್ಯ ಸಂಗತಿ. ಚಟ್ನಿಪುಡಿ, ಲೇಹ್ಯ, ಮಗುವಿನ ಕುಲಾವಿಗಳಿಗೆ ವಾರಗಟ್ಟಲೆ ಸಿದ್ಧತೆ ನಡೆಯುತ್ತದೆ. ಅರವತ್ತು ದಾಟಿದ ಆ ತಾಯಿಯ ಕಾಲು, ನಿದ್ದೆ, ಮಾತ್ರೆಗಳ ಬಗ್ಗೆ ಯೋಚಿಸುವವರು ಮಾತ್ರ ವಿರಳ.

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ನೇರ ದೂರ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನಗರಗಳ ನಡುವೆ ಎಲ್ಲೂ ಇಳಿಯದ ವಿಮಾನ ಆರಂಭಿಸಿದಾಗ ಪ್ರಯಾಣಕ್ಕೆ ಹಿಡಿಯುತ್ತಿದ್ದುದು ಸುಮಾರು 16-17 ಗಂಟೆ. ನಡುವೆ ವಿಮಾನ ಬದಲಿಸಿದರೆ 20 ಗಂಟೆ ದಾಟುವುದೇ ಹೆಚ್ಚು. ಟಿಕೆಟ್ಟಿನ ಮೇಲಿನ ಸಮಯ ನೋಡಿದರೆ ಇದು ತಿಳಿಯುವುದಿಲ್ಲ. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟು 16 ಗಂಟೆ ಹಾರಿದರೆ, ಅಲ್ಲಿಯ ಗಡಿಯಾರದಲ್ಲಿ ಅದೇ ದಿನ ಸಂಜೆ 4.30! ಗಡಿಯಾರ ಹದಿಮೂರೂವರೆ ಗಂಟೆ ಹಿಂದೆ ಸರಿಯಬಹುದು; ದೇಹ ಸರಿಯದು. ಅದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ.

ಅಲುಗಾಡದೆ ಕುಳಿತರೆ ಮೀನಖಂಡದ ರಕ್ತನಾಳಗಳಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಸಂಭವ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆದರೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಮಾತ್ರ. ಆದ್ದರಿಂದ ಗಾಬರಿ ಬೇಡ. ಹಿಂದೆ ಹೀಗೆ ರಕ್ತ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ರೋಗಿಗಳು, ತೀರಾ ಸ್ಥೂಲಕಾಯದವರು ಮಾತ್ರ ವೈದ್ಯರನ್ನು ಕಾಣದೆ ಹೊರಡಬಾರದು.

ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಹಗಲು-ರಾತ್ರಿ ಅದಲುಬದಲಾದಾಗ ಯಾವ ಹೊತ್ತಿಗೆ ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಔಷಧಿಗಳು ಕೈಚೀಲದಲ್ಲಿರಲಿ. ಓಡಾಡುವ ದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ. ಎಚ್ಚರವಿದ್ದಾಗ ಗಂಟೆಗೊಮ್ಮೆ ಎದ್ದು ನಡೆಯಿರಿ, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಆಗಾಗ ನೀರು ಕುಡಿಯಿರಿ. ಶೌಚಾಲಯಕ್ಕೆ ಏಳಬೇಕಾದೀತೆಂದು ನೀರು ಬಿಡುವ ಸಂಕೋಚ ನಮ್ಮ ಹೆಂಗಸರಲ್ಲಿ ಹೆಚ್ಚು. ಆ ನೆಪದಲ್ಲಾದರೂ ಏಳುವುದು ಒಳ್ಳೆಯದೇ. ಸ್ವಂತ ನಿರ್ಧಾರದ ಮೇಲೆ ನಿದ್ದೆ ಮಾತ್ರೆ, ಆಸ್ಪಿರಿನ್ ಬೇಡ. ಪ್ರಯಾಣದ ನಂತರದ ವಾರಗಳಲ್ಲಿ ಒಂದೇ ಕಾಲು ಊದಿ ನೋವು ಬಂದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಎದೆನೋವು, ಉಸಿರಾಟದ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿರಿ.

ಇನ್ನು ಮಕ್ಕಳಿಗೊಂದು ಮಾತು. ತಂದೆತಾಯಿಯರ ಟಿಕೆಟ್ಟನ್ನು ಬೆಲೆ ನೋಡಿ ಮಾತ್ರ ಕೊಳ್ಳಬೇಡಿ. ಗಟ್ಟಿಮುಟ್ಟಾದ ದಂಪತಿಗೆ ನಡುವೆ ಇಳಿದು ಕಾಲಾಡಿಸುವ ಪ್ರಯಾಣ ಹಿತವೆನಿಸಬಹುದು. ಒಂಟಿಯಾಗಿ ಬರುವ, ಮಂಡಿನೋವಿನ ತಾಯಿಗೆ ಅಪರಿಚಿತ ನಿಲ್ದಾಣದಲ್ಲಿ ಅವಸರದ ಓಡಾಟ ಶಿಕ್ಷೆಯೇ ಸರಿ. ಗಾಲಿಕುರ್ಚಿಯ ನೆರವನ್ನು ಟಿಕೆಟ್ ಮಾಡಿಸುವಾಗಲೇ ಕೇಳಿರಿ. ಹೆರಿಗೆಯ ದಿನಕ್ಕೆ ಎರಡು ವಾರ ಮೊದಲೇ ಅವರನ್ನು ಕರೆಸಿಕೊಳ್ಳಿ. ಬಂದ ಮರುದಿನವೇ ಅಡುಗೆಮನೆ ಒಪ್ಪಿಸಬೇಡಿ. ಬಾಣಂತಿಗೆ ಆರೈಕೆ ಬೇಕು, ನಿಜ. ಆರೈಕೆ ಮಾಡಲು ಬಂದವಳಿಗೂ ಮೊದಲ ವಾರ ಅದು ಬೇಕು.