ಛಾಯಾಚಿತ್ರಕ್ಕೂ ಕಟ್ಟುಪಾಡೇ?

ನಮ್ಮ ಪಡಸಾಲೆಯ ಗೋಡೆಯ ಮೇಲೆ ತಾಯಿಯವರ ಛಾಯಾಚಿತ್ರವೊಂದಿದೆ. ಬಂದವರು ಅದನ್ನು ನೋಡಿ ಮೊದಲು ನಗುತ್ತಾರೆ. ಏಕೆಂದರೆ ಹಿಂದಿದ್ದ ತೆಂಗಿನ ಮರವು ತಾಯಿಯವರ ನೆತ್ತಿಯಿಂದಲೇ ಹುಟ್ಟಿ ಬೆಳೆದಂತೆ ಕಾಣುತ್ತದೆ. ಮೇಲೆ ಅರ್ಧದಷ್ಟು ಬರಿಯ ಆಕಾಶ. ಕೆಳಗೆ ಪಾದಗಳೇ ಇಲ್ಲ. ತೆಗೆದವನು ನಾನೇ. ಅಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಾಗಿತ್ತು. ಇಂದು ಸರಿದು ನಿಲ್ಲೋಣವೆಂದರೆ ತಾಯಿಯವರಿಲ್ಲ.

“ಕಲೆಗೆ ಕಟ್ಟುಪಾಡೇಕೆ? ಕಣ್ಣಿಗೆ ಚೆಂದ ಕಂಡದ್ದೇ ಚೆಂದ” ಎಂದು ವಾಚಕರಲ್ಲಿ ಕೆಲವರು ಹೇಳಬಹುದು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ನಮ್ಮ ಕಣ್ಣು ತನಗೆ ಬೇಕಾದುದನ್ನು ಮಾತ್ರ ನೋಡುವುದು; ಯಂತ್ರದ ಕಣ್ಣಾದರೋ ಎದುರಿಗಿದ್ದುದನ್ನೆಲ್ಲ ಹಿಡಿಯುವುದು. ನಾನು ಕಂಡದ್ದು ತಾಯಿಯ ಮುಖವನ್ನು. ಮರವನ್ನು ಕಂಡೇ ಇರಲಿಲ್ಲ. ಈ ಭೇದವನ್ನು ನೆನಪಿಗೆ ತರುವುದೇ ಕಟ್ಟುಪಾಡುಗಳ ಪ್ರಯೋಜನ.

ಇವುಗಳಲ್ಲಿ ಹೆಸರಾದದ್ದು ಮೂರರಲ್ಲೊಂದರ ನಿಯಮ. ಛಾಯಾಚಿತ್ರಣವು ಬಳಕೆಗೆ ಬರುವುದಕ್ಕೂ ಮೊದಲೇ, 1797ರಲ್ಲಿ, ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬ ಚಿತ್ರಕಾರನು ಹಳ್ಳಿಯ ದೃಶ್ಯಗಳನ್ನು ಕುರಿತ ತನ್ನ ಪುಸ್ತಕದಲ್ಲಿ ಇದಕ್ಕೆ ಈ ಹೆಸರನ್ನಿಟ್ಟನು. ಚಿತ್ರವನ್ನು ಅಡ್ಡಕ್ಕೆರಡು, ಉದ್ದಕ್ಕೆರಡು ಗೆರೆಗಳಿಂದ ಒಂಬತ್ತು ಮನೆಗಳಾಗಿ ಭಾಗಿಸಿಕೊಂಡು, ದಿಗಂತವನ್ನು ನಟ್ಟನಡುವೆ ಇಡದೆ ಒಂದು ಗೆರೆಯ ಮೇಲೆಯೂ, ಮುಖ್ಯವಸ್ತುವನ್ನು ಗೆರೆಗಳು ಕೂಡುವೆಡೆಯಲ್ಲಿಯೂ ಇಡಬೇಕೆಂಬುದು ಅದರ ಇಂದಿನ ರೂಪ. ಮೊಬೈಲ್ ಫೋನುಗಳಲ್ಲಿ ಈ ಗೆರೆಗಳನ್ನು ತೋರಿಸುವ ಏರ್ಪಾಡೇ ಉಂಟು.

ನಿಯಮವನ್ನು ಮೀರಿದ ಉತ್ತಮ ಚಿತ್ರಗಳಿಲ್ಲವೇ? ಉಂಟು. 1932ರಲ್ಲಿ ಪ್ಯಾರಿಸಿನ ರೈಲು ನಿಲ್ದಾಣವೊಂದರ ಹಿಂದೆ, ನಿಂತ ನೀರನ್ನು ದಾಟಲು ಹಾರಿದವನೊಬ್ಬನ ಚಿತ್ರವನ್ನು ಆನ್ರಿ ಕಾರ್ತಿಯೆ ಬ್ರೆಸ್ಸೋ ಎಂಬ ಫ್ರೆಂಚ್ ಛಾಯಾಗ್ರಾಹಕನು ತೆಗೆದನು. ಚಲಿಸುವವನ ಮುಂದೆ ಬಯಲನ್ನು ಬಿಡಬೇಕೆಂಬುದು ಕಟ್ಟುಪಾಡು. ಇಲ್ಲಿ ಅವನು ಚೌಕಟ್ಟಿನ ಅಂಚಿಗೇ ಹಾರುತ್ತಿದ್ದಾನೆ. ಆದರೂ ನೀರಿನಲ್ಲಿ ಬಿದ್ದ ಅವನ ಪ್ರತಿಬಿಂಬವೂ, ಹಿಂದಿನ ಭಿತ್ತಿಪತ್ರದಲ್ಲಿ ಎದುರು ದಿಕ್ಕಿಗೆ ನೆಗೆದಿರುವ ಆಕೃತಿಯೂ ಚಿತ್ರಕ್ಕೆ ಬೇಕಾದ ತೂಕವನ್ನು ತಂದುಕೊಟ್ಟಿವೆ. ನಿಯಮವು ಕೇಳುವುದೂ ಈ ತೂಕವನ್ನೇ.

ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ಮಗುವಿನ ಮುಖದಲ್ಲಿ ನಗೆ ಮೂಡಿದಾಗ ಗೆರೆಗಳನ್ನೆಣಿಸುತ್ತ ಕೂಡಬೇಡಿರಿ, ಮೊದಲು ಒಂದು ಚಿತ್ರವನ್ನು ತೆಗೆದುಬಿಡಿರಿ. ಬಳಿಕ ನಾಲ್ಕು ಮೂಲೆಗಳನ್ನೂ, ತಲೆಯ ಹಿಂದಿರುವುದನ್ನೂ ನೋಡಿ, ಒಂದು ಹೆಜ್ಜೆ ಸರಿದು ಇನ್ನೊಂದನ್ನು ತೆಗೆಯಿರಿ. ಹಿರಿಯರನ್ನು ಕೂರಿಸಿದಾಗಲಂತೂ ಇದನ್ನು ಮರೆಯಬೇಡಿರಿ.

ತಾಯಿಯವರ ಚಿತ್ರವನ್ನು ನಾನು ಗೋಡೆಯಿಂದ ಇಳಿಸಿಲ್ಲ. ಮರವು ನನ್ನ ತಪ್ಪು. ಮುಖದ ಮೇಲಿನ ನಗೆ ಅವರದು.